ದಂಡೆ ಬಿಚ್ಚದೆ ತೂಗುವ ವಿದ್ಯೆ

ಭಟ್ಕಳ ತಾಲೂಕಿನ ಮುಟ್ಟಳ್ಳಿಯಲ್ಲಿ, ಬೆಳಗಿನ ಬಿಸಿಲು ತೆಂಗಿನ ತಲೆಯಿಂದ ಅಂಗಳಕ್ಕೆ ಇಳಿಯುವ ಮೊದಲೇ ಹಿತ್ತಲಿನ ಮಲ್ಲಿಗೆ ಮೊಗ್ಗುಗಳನ್ನು ಕೊಯ್ದು ತಂದು, ನೀರಿನಲ್ಲಿ ನೆನೆಸಿದ ಬಾಳೆನಾರನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ದಂಡೆ ಕಟ್ಟಲು ಕುಳಿತ ಹಿರಿಯಾಕೆಯೊಬ್ಬಳ ಎದುರಿಗೆ ನಾನೊಮ್ಮೆ ಒಂದು ತಾಸು ಸುಮ್ಮನೆ ಕುಳಿತಿದ್ದೆ. ನಾಲ್ಕು ಮಲ್ಲಿಗೆ, ಒಂದು ಅಬ್ಬಲಿಗೆ, ಮತ್ತೆ ನಾಲ್ಕು ಮಲ್ಲಿಗೆ, ನಡುವೆ ಎಲ್ಲಿಯೋ ಒಂದು ಮರುಗದ ಕುಡಿ. ಹೀಗೆ ಆಕೆಯ ಬೆರಳುಗಳು ಎಣಿಕೆಯನ್ನು ಬಾಯಿಗೆ ತಾರದೆಯೇ ನಡೆಸುತ್ತಿದ್ದವು. ದಂಡೆ ಮೊಳದುದ್ದಕ್ಕೆ ಬಂದಾಗ, ನಾಲ್ಕಕ್ಷರ ಓದಿದವರಿಗೆ ಸಹಜವಾದ ಅಧಿಕಪ್ರಸಂಗದಿಂದ ನಾನು ಕೇಳಿದೆ: "ದೊಡ್ಡಮ್ಮ, ಇದನ್ನು ಬಿಚ್ಚಿ ಹೂಗಳನ್ನೆಲ್ಲ ಬುಟ್ಟಿಗೆ ಹಾಕಿದರೆ, ಯಾವುದರ ಮಗ್ಗುಲಿಗೆ ಯಾವುದಿತ್ತೆಂದು ಹೇಳಲಿಕ್ಕಾಗುತ್ತದೆಯೇ?" ಆಕೆ ತಲೆಯೆತ್ತಲಿಲ್ಲ. "ಬಿಚ್ಚಿದ್ ಮೇಲೆ ಅದು ದಂಡೆ ಅಲ್ಲ ತಮಾ, ಬರೀ ಹೂ" ಅಂದಳು.

ಪ್ರೋಟೀನುಗಳನ್ನು ಅಭ್ಯಾಸ ಮಾಡುವ ವಿಜ್ಞಾನಿಗಳು ಬಹುಕಾಲದವರೆಗೆ ದಂಡೆಗಳನ್ನು ಬಿಚ್ಚಿ, ತುಂಡರಿಸಿ, ಬುಟ್ಟಿಯೊಳಗಿನ ತುಂಡುಗಳಿಂದಲೇ ದಂಡೆಯ ಸ್ವರೂಪವನ್ನು ಊಹಿಸುತ್ತ ಬಂದವರು. ಆ ಮಾರ್ಗದಲ್ಲಿ ಅವರು ಸಾಧಿಸಿದ್ದೂ ಅಲ್ಪವಲ್ಲ. ಆದರೆ ಬಿಚ್ಚುವುದಕ್ಕೆ ಮುಂಚೆ ಇಡೀ ದಂಡೆಯನ್ನೇ ತಕ್ಕಡಿಗೆ ಹಾಕಿ ನೋಡಬೇಕು, ಬಿಚ್ಚಲೇಬೇಕಾದರೆ ಅದೇ ತಕ್ಕಡಿಯ ಮೇಲೆಯೇ ಬಿಚ್ಚಬೇಕು ಎಂಬ ಮಾತು ಈಚಿನ ಮೂರು ದಶಕಗಳಲ್ಲಿ ಬಲಗೊಂಡಿದೆ. ಆ ತಕ್ಕಡಿಯ ಹೆಸರು ಪಠ್ಯಪುಸ್ತಕದ ಕನ್ನಡದಲ್ಲಿ ದ್ರವ್ಯರಾಶಿ ರೋಹಿತಮಾಪಕ. ಪ್ರಯೋಗಶಾಲೆಯ ಬಾಯಲ್ಲಿ ಮಾಸ್ ಸ್ಪೆಕ್. ಮೊದಲನೆಯದು ನಾಲಿಗೆಗೆ ಭಾರ, ಎರಡನೆಯದು ತೀರ ಮೊಟಕು. ಆದುದರಿಂದ ಮಾಸ್ ಸ್ಪೆಕ್ಟ್ರೋಮೀಟರು ಎಂಬ ನಡುವಿನ ಹೆಸರನ್ನೇ ಇಲ್ಲಿ ಬಳಸುತ್ತೇನೆ.

ಪ್ರೋಟೀನು ಎಂದೊಡನೆ ನಮ್ಮ ಜನಕ್ಕೆ ಬೇಳೆ, ಮೊಟ್ಟೆ, ಮೀನುಗಳ ನೆನಪಾಗುವುದು ಸಹಜ. ಆದರೆ ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಹಿಮೋಗ್ಲೋಬಿನ್, ಸಕ್ಕರೆಯನ್ನು ಅಂಕೆಯಲ್ಲಿಡುವ ಇನ್ಸುಲಿನ್, ರೋಗವನ್ನು ತಡೆಯುವ ಪ್ರತಿಕಾಯ, ನಾಗರಹಾವಿನ ಹಲ್ಲಿನಿಂದ ಇಳಿಯುವ ವಿಷ ಇವೆಲ್ಲವೂ ಪ್ರೋಟೀನುಗಳೇ. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳೆಂಬ ಹೂಗಳನ್ನು, ವಂಶವಾಹಿಯಲ್ಲಿ ಬರೆದಿರುವ ಕ್ರಮವನ್ನನುಸರಿಸಿ, ಒಂದರ ಪಕ್ಕಕ್ಕೊಂದರಂತೆ ಒಂದೇ ನಾರಿನಲ್ಲಿ ಕಟ್ಟಿದ ದಂಡೆಗಳು ಅವು. ಇನ್ಸುಲಿನ್ನಿನಲ್ಲಿ 51 ಹೂಗಳು. ಹಿಮೋಗ್ಲೋಬಿನ್ನಿನ ಆಲ್ಫಾ ಸರಪಳಿಯಲ್ಲಿ 141, ಬೀಟಾ ಸರಪಳಿಯಲ್ಲಿ 146. ಕಟ್ಟಿ ಮುಗಿದ ಮೇಲೆಯೂ ದೇಹವು ಸುಮ್ಮನಿರುವುದಿಲ್ಲ. ಒಂದು ಹೂವಿಗೆ ರಂಜಕದ ಬೊಟ್ಟನ್ನಿಡುತ್ತದೆ, ಇನ್ನೊಂದಕ್ಕೆ ಸಕ್ಕರೆಯ ಎಳೆಯನ್ನು ಅಂಟಿಸುತ್ತದೆ, ಮತ್ತೊಂದೆಡೆ ದಂಡೆಯ ತುದಿಯನ್ನೇ ಕತ್ತರಿಸಿ ಎಸೆಯುತ್ತದೆ. ಹೀಗಾಗಿ ಮನುಷ್ಯನ ವಂಶವಾಹಿಗಳು ಸುಮಾರು 20,000 ಎಂದು ಎಣಿಸಿ ಮುಗಿಸಿದರೂ ಅವುಗಳಿಂದ ಹುಟ್ಟುವ ದಂಡೆಗಳ ರೂಪಭೇದಗಳು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಇಂತಹ ಒಂದೊಂದು ರೂಪಕ್ಕೂ ಪ್ರೋಟಿಯೋಫಾರ್ಮ್ ಎಂಬ ಹೆಸರನ್ನು ಲಾಯ್ಡ್ ಸ್ಮಿತ್ ಮತ್ತು ನೀಲ್ ಕೆಲೆಹರ್ ಎಂಬ ಅಮೆರಿಕದ ವಿಜ್ಞಾನಿಗಳು 2013ರಲ್ಲಿ ಸೂಚಿಸಿದರು. ಹೂ ಬದಲಾದರೆ, ಬೊಟ್ಟು ಕೂಡಿದರೆ, ತುದಿ ಉದುರಿದರೆ ದಂಡೆಯ ತೂಕ ಬದಲಾಗಲೇಬೇಕಷ್ಟೆ. ತೂಕವನ್ನು ಹಿಡಿದರೆ ರೂಪದ ಸುಳಿವು ಸಿಕ್ಕಿತು.

ತೂಗುವುದು ಹೇಗೆ? ಅಣುವನ್ನು ತೂಗುವ ವಿದ್ಯೆ ಹಳೆಯದು. ಕೇಂಬ್ರಿಜ್ಜಿನಲ್ಲಿ ಜೆ. ಜೆ. ಥಾಮ್ಸನ್ನನು ನಿಯಾನ್ ಎಂಬ ಅನಿಲದಲ್ಲಿ ಜಲಜನಕದ ಪರಮಾಣುವನ್ನು ಸುಮಾರು ಒಂದೆಂದು ಹಿಡಿದ ಲೆಕ್ಕದಲ್ಲಿ 20 ಮತ್ತು 22 ಎಂಬ ಎರಡು ತೂಕದ ಪರಮಾಣುಗಳಿರುವ ಸೂಚನೆಯನ್ನು ಮೊದಲ ಮಹಾಯುದ್ಧಕ್ಕೆ ತುಸು ಮುಂಚೆ ಕಂಡನು. ಅವನ ಶಿಷ್ಯ ಆಸ್ಟನ್ನನು 1919ರಲ್ಲಿ ಅದಕ್ಕೆ ತಕ್ಕ ಯಂತ್ರವನ್ನು ನಿರ್ಮಿಸಿ, 1922ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ತತ್ತ್ವವು ಸರಳವಾದುದು: ಅಣುವಿಗೆ ವಿದ್ಯುದಂಶವನ್ನು ಕೊಟ್ಟು ನಿರ್ವಾತದಲ್ಲಿ ಓಡಿಸಿದರೆ ಹಗುರವಾದುದು ಹೆಚ್ಚು ಬಾಗುತ್ತದೆ ಇಲ್ಲವೆ ಬೇಗ ಗುರಿ ಮುಟ್ಟುತ್ತದೆ, ಭಾರವಾದುದು ಕಡಿಮೆ ಬಾಗುತ್ತದೆ ಇಲ್ಲವೆ ತಡವಾಗಿ ಮುಟ್ಟುತ್ತದೆ. ಆದರೆ ಓಡಬೇಕಾದರೆ ಅಣುವು ಮೊದಲು ಗಾಳಿಗೇರಬೇಕು. ನಿಯಾನು ಹುಟ್ಟಾ ಗಾಳಿ, ಪ್ರೋಟೀನಾದರೋ ಕಾಯಿಸಿದರೆ ಹಾರುವ ಬದಲು ಬಾಣಲೆಯ ಮೊಟ್ಟೆಯಂತೆ ಹೆಪ್ಪುಗಟ್ಟಿ ಕರಿಕಾಗುವ ವಸ್ತು. ಈ ಒಂದು ವಿಘ್ನದಿಂದ ಯಂತ್ರವು ಹುಟ್ಟಿ ಆರು ದಶಕಗಳಾದರೂ ಇಡೀ ಪ್ರೋಟೀನುಗಳು ಅದರ ತಕ್ಕಡಿಗೆ ಬರಲಿಲ್ಲ.

ಬಂದುದು ಎರಡು ದಾರಿಗಳಿಂದ. ಒಂದು ದಾರಿಯು ಕೈತಪ್ಪಿನಿಂದ ತೆರೆದುದು. ಜಪಾನಿನ ಕ್ಯೋಟೋದ ಶಿಮಾಡ್ಜು ಕಂಪನಿಯಲ್ಲಿ ಕೆಲಸಕ್ಕಿದ್ದ ಕೊಯಿಚಿ ತನಾಕಾ ಎಂಬ ತರುಣ, ರಸಾಯನಶಾಸ್ತ್ರದ ಪಂಡಿತನಲ್ಲ, ವಿದ್ಯುತ್ ಇಂಜಿನಿಯರನು. 1985ರಲ್ಲಿ ಒಂದು ದಿನ ಕೋಬಾಲ್ಟಿನ ಅತಿಸೂಕ್ಷ್ಮ ಪುಡಿಗೆ ಅಸಿಟೋನನ್ನು ಬೆರೆಸಬೇಕಾದಲ್ಲಿ ಮರೆತು ಗ್ಲಿಸರಿನನ್ನು ಸುರಿದನು. ತಪ್ಪು ತಿಳಿಯಿತು, ಆದರೆ ಬೆಲೆಬಾಳುವ ಪುಡಿಯನ್ನು ಬಿಸಾಡಲು ಮನಸ್ಸಾಗದೆ, ಆ ಪಾಕವನ್ನೇ ಯಂತ್ರದಲ್ಲಿಟ್ಟು ಲೇಸರಿನ ಬೆಳಕನ್ನು ಹೊಡೆದಾಗ, ಅದುವರೆಗೆ ಒಡೆದು ಚೂರಾಗುತ್ತಿದ್ದ ಅಣುಗಳು ಇಡಿಯಾಗಿ ಎದ್ದು ಹಾರಿದವು. ನಮ್ಮ ಕಡೆಯ ಅಡಿಗೆಮನೆಗಳಲ್ಲಿಯೂ ಚೆಲ್ಲಲು ಮನಸ್ಸು ಬಾರದ ಸ್ವಭಾವದಿಂದ ಎಷ್ಟೋ ಒಳ್ಳೆಯ ಪದಾರ್ಥಗಳು ಹುಟ್ಟಿರುವುದನ್ನು ಬಲ್ಲ ನನಗೆ ಈ ಕಥೆಯಲ್ಲಿ ಅಷ್ಟೇನೂ ಆಶ್ಚರ್ಯವಿಲ್ಲ.

ಇನ್ನೊಂದು ದಾರಿಯು ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಜಾನ್ ಫೆನ್ನನದು. ಎಪ್ಪತ್ತು ತುಂಬಿದ ಈ ವೃದ್ಧನು, ಪ್ರೋಟೀನು ಕರಗಿದ ದ್ರವವನ್ನು ಸೂಜಿಯ ಮೊನೆಯಿಂದ ಹೊರಡಿಸಿ, ಆ ಮೊನೆಗೆ ಕೆಲವು ಸಾವಿರ ವೋಲ್ಟುಗಳ ವಿದ್ಯುತ್ತನ್ನು ಕೊಟ್ಟು, ದ್ರವವು ಮಂಜಿನಂತಹ ತುಂತುರಾಗಿ ಚಿಮ್ಮುವಂತೆ ಮಾಡಿದನು. ಕುಮಟಾ ತಾಲೂಕಿನ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳನ್ನು ನೋಡಿದವರಿಗೆ ಮುಂದಿನದನ್ನು ತಿಳಿಸುವುದು ಸುಲಭ: ಬಿಸಿಲಿಗೆ ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಹಾಗೆಯೇ ಈ ತುಂತುರಿನ ಹನಿಗಳಿಂದ ನೀರಾರಿ, ಹನಿ ಕಿರಿದಾಗಿ, ಅದರ ಮೈಮೇಲಿನ ವಿದ್ಯುದಂಶಗಳು ಒಂದನ್ನೊಂದು ನೂಕಿ ಹನಿಯನ್ನು ಸಿಡಿಸಿ, ಕಡೆಗೆ ಉಳಿಯುವುದು ಮೈತುಂಬ ವಿದ್ಯುದಂಶಗಳನ್ನು ಹೊತ್ತ ಇಡೀ ಪ್ರೋಟೀನು. ಫೆನ್ನನು ತನ್ನ ವಿದ್ಯೆಯನ್ನು ಅಣುಲೋಕದ ಆನೆಗಳಿಗೆ ರೆಕ್ಕೆ ಹಚ್ಚುವ ಕೆಲಸವೆಂದು ವಿನೋದವಾಗಿ ವರ್ಣಿಸಿದ್ದುಂಟು. 2002ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ತನಾಕಾನಿಗೂ ಫೆನ್ನನಿಗೂ ಪಾಲು ದೊರೆಯಿತು.

ಸಾಣಿಕಟ್ಟೆಯ ಉಪಮೆಯಲ್ಲಿ ಒಂದು ವಿಪರ್ಯಾಸವುಂಟು: ಈ ವಿದ್ಯೆಗೆ ಉಪ್ಪಿನಂತಹ ವೈರಿ ಇನ್ನೊಂದಿಲ್ಲ. ದ್ರಾವಣದಲ್ಲಿ ಉಪ್ಪಿನ ಲೇಶವುಳಿದರೂ ಅದರ ಸೋಡಿಯಂ ಬಂದು ಪ್ರೋಟೀನಿಗಂಟಿ ತೂಕವನ್ನು 22ರಷ್ಟು ಹೆಚ್ಚಿಸಿಬಿಡುತ್ತದೆ. ಈ 22ನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಯಂತ್ರವು ನಮ್ಮ ಕೈಗೆ ಕೊಡುವುದು ತೂಕವನ್ನಲ್ಲ. ತೂಕವನ್ನು ವಿದ್ಯುದಂಶಗಳ ಸಂಖ್ಯೆಯಿಂದ ಭಾಗಿಸಿದ ಭಾಗಲಬ್ಧವನ್ನು. ಒಂದೇ ಪ್ರೋಟೀನಿನ ಕೆಲವು ಅಣುಗಳು 16 ಪ್ರೋಟಾನುಗಳನ್ನು, ಅಂದರೆ 16 ವಿದ್ಯುದಂಶಗಳನ್ನು, ಹೊತ್ತು ಬರುತ್ತವೆ, ಕೆಲವು 17, ಕೆಲವು 18. ಹೊತ್ತ ಪ್ರತಿಯೊಂದು ಪ್ರೋಟಾನಿನ ತೂಕವೂ ಸುಮಾರು ಒಂದು. ಆದುದರಿಂದ ಕಾಗದದ ಮೇಲೆ ಒಂದು ಶಿಖರದ ಬದಲು ಘಟ್ಟದ ಸಾಲಿನಂತೆ ಶಿಖರಗಳ ಶ್ರೇಣಿಯೇ ಮೂಡುತ್ತದೆ. ನೋಡಿದವರಿಗೆ ಗಾಬರಿಯಾಗುವ ಈ ಚಿತ್ರವನ್ನು ಬಿಡಿಸಲು ಪ್ರಾಥಮಿಕ ಶಾಲೆಯ ಲೆಕ್ಕವೇ ಸಾಕು. ಆರೋಗ್ಯವಂತನೊಬ್ಬನ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ಎರಡು ನೆರೆಯ ಶಿಖರಗಳು 992.7 ಮತ್ತು 934.4ರಲ್ಲಿ ನಿಲ್ಲುತ್ತವೆ. ಚಿಕ್ಕ ಸಂಖ್ಯೆಯಿಂದ ಒಂದನ್ನು ಕಳೆಯಿರಿ: 933.4. ಎರಡು ಶಿಖರಗಳ ಅಂತರ 58.3. 933.4ನ್ನು 58.3ರಿಂದ ಭಾಗಿಸಿದರೆ 16 ಬರುತ್ತದೆ, ಅಂದರೆ 992.7ರಲ್ಲಿ ನಿಂತವರು 16 ಪ್ರೋಟಾನುಗಳನ್ನು ಹೊತ್ತವರು. ಇನ್ನು 992.7ರಿಂದ ಒಂದನ್ನು ಕಳೆದು 16ರಿಂದ ಗುಣಿಸಿದರೆ 15,867. ಜಲಜನಕದ ಪರಮಾಣುವನ್ನು ಸ್ಥೂಲವಾಗಿ ಒಂದು ಡಾಲ್ಟನ್ ಎಂದು ಹಿಡಿದರೆ ಬೀಟಾ ಸರಪಳಿಯ ತೂಕ 15,867 ಡಾಲ್ಟನ್. ಆಲ್ಫಾ ಸರಪಳಿಯದು 15,126. ಸಾಲಿನ ಪ್ರತಿಯೊಂದು ಜೋಡಿಯೂ ಇದೇ ಉತ್ತರಕ್ಕೆ ಸಾಕ್ಷಿ ನುಡಿಯುವುದರಿಂದ ತಪ್ಪಿಗೆ ಆಸ್ಪದವು ಅತ್ಯಲ್ಪ. ಇದನ್ನು ನಾನು ಅಂಗಡಿಯ ಚೀಟಿಯ ಬೆನ್ನ ಮೇಲೆ ಮಾಡಿ ನೋಡಿದ್ದೇನೆ, ಓದುಗರೂ ಮಾಡಬಹುದು.

ಹಾಗಿದ್ದರೂ ಪ್ರೋಟೀನು ವಿಜ್ಞಾನದ ಹೆಚ್ಚಿನ ಕೆಲಸವು ಇಂದಿಗೂ ಬುಟ್ಟಿಯ ಹೂಗಳಿಂದಲೇ ನಡೆಯುತ್ತಿದೆ. ಟ್ರಿಪ್ಸಿನ್ ಎಂಬ ಪಾಚಕರಸವನ್ನು ಹಾಕಿದರೆ ಅದು ದಂಡೆಯನ್ನು ಗೊತ್ತಾದ ಹೂಗಳ ಬಳಿ ಮಾತ್ರ ಕತ್ತರಿಸುತ್ತದೆ. ಸಿಕ್ಕುವ ತುಂಡುಗಳು ಚಿಕ್ಕವು, ಹಗುರವಾದವು, ಯಂತ್ರದಲ್ಲಿ ಸುಲಭವಾಗಿ ಹಾರುವವು. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಸಂಸ್ಥೆಯವರು, ಅದರ ಸ್ಥಾಪಕರಾದ ಅಖಿಲೇಶ್ ಪಾಂಡೆಯವರ ನೇತೃತ್ವದಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದವರ ಸಂಗಡ, ಮನುಷ್ಯದೇಹದ 30 ಬಗೆಯ ಅಂಗಾಂಶ ಮತ್ತು ಕೋಶಗಳನ್ನು ಈ ಕ್ರಮದಿಂದ ಶೋಧಿಸಿ, 17,294 ವಂಶವಾಹಿಗಳ ಪ್ರೋಟೀನುಗಳನ್ನು ಗುರುತಿಸಿ, 2014ರ ಮೇ ತಿಂಗಳಿನ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ನಕಾಶೆಯು ಕನ್ನಡನಾಡು ಹೆಮ್ಮೆಪಡಬೇಕಾದ ಕಾರ್ಯ. ಇಡೀ ದಂಡೆಗಳನ್ನು ತೂಗುವವರು ಈ ವ್ಯಾಪ್ತಿಯನ್ನು ಮುಟ್ಟಿಲ್ಲ. ಅವರ ಪಾಲಿನ ಒಂದು ದೊಡ್ಡ ಹೆಜ್ಜೆಯೆನಿಸಿದ ಕೆಲೆಹರ್ ಬಳಗದ 2011ರ ಶೋಧದಲ್ಲಿ ಸಿಕ್ಕಿದ್ದು 1,043 ವಂಶವಾಹಿಗಳ ಪ್ರೋಟೀನುಗಳು; ಆದರೆ ಅವೇ ಮೂರು ಸಾವಿರಕ್ಕೂ ಹೆಚ್ಚಿನ ರೂಪಗಳಲ್ಲಿದ್ದವು. ಒಬ್ಬರು ಊರುಗಳನ್ನು ಎಣಿಸಿದರು, ಇನ್ನೊಬ್ಬರು ಕೆಲವೇ ಊರುಗಳ ಮನೆಮನೆಯನ್ನೂ ಹೊಕ್ಕರು. ಯಾವುದು ಮೇಲೆಂದು ಜಗಳ ಕಾಯುವವರ ಪಂಗಡಕ್ಕೆ ನಾನು ಸೇರಿದವನಲ್ಲ. ಆದರೆ ಕೆಲವು ಪ್ರಶ್ನೆಗಳಿಗೆ ಮನೆ ಹೊಕ್ಕವನೇ ಉತ್ತರ ಕೊಡಬಲ್ಲನೆಂಬುದು ನನ್ನ ನಿಲುವು.

ಹಾವಿನ ವಿಷದ ಪ್ರಶ್ನೆ ಅಂತಹದು. ಗದ್ದೆಯ ಅಂಚಿನಲ್ಲಿಯೂ ಅಡಕೆ ತೋಟದ ಕಪ್ಪಿನಲ್ಲಿಯೂ ದಿನ ಕಳೆಯುವ ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಜನಕ್ಕೆ ಹಾವು ಪುರಾಣದ ಪ್ರಾಣಿಯಲ್ಲ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವು ಹಾವುಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡತಕ್ಕ ವ್ಯಾಧಿಗಳ ಸಾಲಿಗೆ ಸೇರಿಸಿದುದು ಯೋಗ್ಯವಾಯಿತು. ವಿಷವೆಂಬುದು ಒಂದು ವಸ್ತುವಲ್ಲ, ಹತ್ತಾರು ಪ್ರೋಟೀನುಗಳ ಪಾಕ. ಅದರಲ್ಲಿಯೂ ನಾಗರ, ಕಾಳಿಂಗಗಳ ವಿಷದಲ್ಲಿ ಅರುವತ್ತು ಎಪ್ಪತ್ತು ಹೂಗಳ ಚಿಕ್ಕ ದಂಡೆಗಳು ಅನೇಕವಿದ್ದು, ಅಕ್ಕತಂಗಿಯರಂತೆ ಮುಖಚಹರೆಯಲ್ಲಿ ಹೋಲುತ್ತ ಗುಣದಲ್ಲಿ ಬೇರೆಯಾಗಿರುತ್ತವೆ. ಇವನ್ನು ತುಂಡರಿಸಿದರೆ ಒಂದರ ತುಂಡು ಇನ್ನೊಂದರದರಂತೆಯೇ ಕಂಡು, ಯಾರ ಮನೆಯ ಮಗಳು ಯಾರೆಂಬುದು ತಿಳಿಯದಾಗುತ್ತದೆ. ಕಾಳಿಂಗ ಸರ್ಪದ ವಿಷವನ್ನು ಇಡಿಯಾಗಿ ತೂಗಿ ಬಿಡಿಸುವ ಕೆಲಸವನ್ನು ಕೆಲೆಹರ್ ಬಳಗದವರು 2016ರಲ್ಲಿ ಪ್ರಕಟಿಸಿದರು. ನಮ್ಮಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ಪ್ರಯೋಗಶಾಲೆಯು, ಸೀಮೆಯಿಂದ ಸೀಮೆಗೆ ಹಾವಿನ ವಿಷವು ಬದಲಾಗುವುದನ್ನೂ, ಒಂದೇ ಕಡೆಯ ವಿಷದಿಂದ ತಯಾರಿಸಿದ ಔಷಧವು ಎಲ್ಲೆಡೆಯೂ ಸಮನಾಗಿ ನಾಟದಿರುವುದನ್ನೂ ತೋರಿಸಿಕೊಟ್ಟಿದೆ. ಪ್ರಾಸಂಗಿಕವಾಗಿ ಒಂದು ಮಾತು: ನಮ್ಮ ಘಟ್ಟದ ಕಾಳಿಂಗವು ಬೇರೆಯೇ ಒಂದು ಪ್ರಭೇದವೆಂದು 2024ರಲ್ಲಿ ನಿರ್ಣಯಿಸಿದ ವಿಜ್ಞಾನಿಗಳು ಅದರ ಶಾಸ್ತ್ರೀಯ ನಾಮದಲ್ಲಿ 'ಕಾಳಿಂಗ' ಎಂಬ ನಮ್ಮ ಶಬ್ದವನ್ನೇ ಇಟ್ಟಿದ್ದಾರೆ. ಲ್ಯಾಟಿನ್ನಿನ ನಡುವೆ ಒಂದು ಕನ್ನಡ ಪದವು ಹೆಡೆಯೆತ್ತಿ ನಿಂತದ್ದು ಸಂತೋಷದ ಸಂಗತಿ.

ಆದರೆ ಇಡೀ ದಂಡೆಯ ಮಹತ್ತ್ವವನ್ನು ಹಿಮೋಗ್ಲೋಬಿನ್ನಿನಷ್ಟು ಸ್ಪಷ್ಟವಾಗಿ ಕಾಣಿಸುವ ಪ್ರೋಟೀನು ಇನ್ನೊಂದಿಲ್ಲ. ಅದು ದುರ್ಲಭವೂ ಅಲ್ಲ. 100 ಮಿಲಿಲೀಟರ್ ರಕ್ತದಲ್ಲಿ 12ರಿಂದ 16 ಗ್ರಾಮಿನವರೆಗೆ ಇರುವುದರಿಂದ ಒಂದು ಹನಿಯಲ್ಲಿಯೇ ಯಂತ್ರಕ್ಕೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ದೊರೆಯುತ್ತದೆ. ಕೆಂಪುಕಣಗಳು ಕುಡುಗೋಲಿನಂತೆ ಬಾಗುವ ಕುಡುಗೋಲು ಕಣ ರೋಗವು ಹಿಮೋಗ್ಲೋಬಿನ್ ಅಣುವಿನ ದೋಷದಿಂದ ಬಂದುದೆಂದು ಅಮೆರಿಕದ ರಸಾಯನಶಾಸ್ತ್ರಜ್ಞ ಪೌಲಿಂಗನು 1949ರಲ್ಲಿ ಸಾರಿದನು. ಕೇಂಬ್ರಿಜ್ಜಿನ ಇಂಗ್ರಾಮನು 1956ರಲ್ಲಿ ಹಿಮೋಗ್ಲೋಬಿನ್ನನ್ನು ಟ್ರಿಪ್ಸಿನ್ನಿನಿಂದ ತುಂಡರಿಸಿ, ಆ ತುಂಡುಗಳಲ್ಲಿ ಒಂದು ಮಾತ್ರ ಸ್ಥಾನ ಬಿಟ್ಟು ನಿಂತುದನ್ನು ಕಂಡನು. ಬೀಟಾ ಸರಪಳಿಯ ಆರನೆಯ ಹೂವಾದ ಗ್ಲುಟಾಮಿಕ್ ಆಮ್ಲದ ಸ್ಥಾನದಲ್ಲಿ ವ್ಯಾಲೀನು ಕುಳಿತಿತ್ತು. 146 ಹೂಗಳಲ್ಲಿ ಒಂದೇ ಒಂದು. ನಮ್ಮ ದೇಶದಲ್ಲಿ ಈ ದೋಷವಿರುವುದನ್ನು ಮೊದಲು ಕಂಡದ್ದು ನಮ್ಮ ಗಡಿಗೆ ತಾಗಿದ ನೀಲಗಿರಿಯ ಗುಡ್ಡಗಾಡಿನ ಜನರಲ್ಲಿ, 1952ರಲ್ಲಿ. ಆ ಹೂವಿನ ಬದಲಾವಣೆಯಿಂದ ತೂಕವು 30 ಕಡಿಮೆಯಾಗುತ್ತದೆ. ದೋಷದ ವಾಹಕನ ರಕ್ತವನ್ನು ಇಡಿಯಾಗಿ ತೂಗಿದರೆ 15,867ರ ಪಕ್ಕದಲ್ಲಿ 15,837ರ ಇನ್ನೊಂದು ಶಿಖರವು ಎದ್ದು ನಿಂತು, ತಂದೆಯಿಂದೊಂದು ತಾಯಿಯಿಂದೊಂದು ಬಂದ ಎರಡು ದಂಡೆಗಳನ್ನು ಕಣ್ಣಿಗೆ ಕಾಣಿಸುತ್ತದೆ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಜಿ. ಎನ್. ರಾಮಚಂದ್ರನ್ನರು ಕಟ್ಟಿದ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗದಲ್ಲಿ, ಪಿ. ಬಲರಾಂ ಮತ್ತು ಪಿ. ಆರ್. ಕೃಷ್ಣಸ್ವಾಮಿ ಅವರು, ಅಮಿತ್ ಕುಮಾರ್ ಮಂಡಲ್ ಮೊದಲಾದ ಸಂಗಡಿಗರೊಡನೆ, ರೋಗಿಗಳ ರಕ್ತದ ಮಾದರಿಗಳನ್ನೇ ತೆಗೆದುಕೊಂಡು ಈ ತೂಕದ ವಿದ್ಯೆಯನ್ನು ನಡೆಸಿ, 2008ರಲ್ಲಿ ಪ್ರಕಟಿಸಿದ ಕೆಲಸವೊಂದುಂಟು. ಹಿಮೋಗ್ಲೋಬಿನ್ ಕ್ಯೂ-ಇಂಡಿಯಾ ಎಂಬ, ಹೆಸರಿನಲ್ಲಿಯೇ ನಮ್ಮ ದೇಶವನ್ನು ಹೊತ್ತ ರೂಪಭೇದವನ್ನೂ, ಒಬ್ಬನೇ ವ್ಯಕ್ತಿಯ ರಕ್ತದಲ್ಲಿ ಎಸ್ (ಕುಡುಗೋಲು ಕಣ ರೋಗದ ರೂಪ) ಮತ್ತು ಡಿ ಎಂಬೆರಡು ಭೇದಗಳು ಕೂಡಿಬಂದುದನ್ನೂ ಅವರು ವಿವರಿಸಿದರು. ಕ್ಯೂ-ಇಂಡಿಯಾದಲ್ಲಿ ಆಲ್ಫಾ ಸರಪಳಿಯ 64ನೆಯ ಹೂವು ಆಸ್ಪಾರ್ಟಿಕ್ ಆಮ್ಲದಿಂದ ಹಿಸ್ಟಿಡೀನಿಗೆ ಬದಲಾಗಿರುತ್ತದೆ; ತೂಕದಲ್ಲಿ ಏರಿಕೆ ಎಷ್ಟೆಂದರೆ, ಸರಿಯಾಗಿ 22. ಅಂದರೆ 15,148ರಲ್ಲಿ ಶಿಖರವೊಂದು ಕಂಡಾಗ ಅದು ಕ್ಯೂ-ಇಂಡಿಯಾವೋ, ಸರಿಯಾಗಿ ತೊಳೆಯದೆ ಉಳಿದ ಉಪ್ಪಿನ ಸೋಡಿಯಮೋ ಎಂದು ತೂಕವೊಂದರಿಂದಲೇ ಹೇಳುವಂತಿಲ್ಲ. ಸಾಣಿಕಟ್ಟೆಯ ಉಪ್ಪು ವಿಜ್ಞಾನಿಯನ್ನು ಕಾಡುವುದು ಇಲ್ಲಿ. ಬೀಟಾ ಸರಪಳಿಗೂ ಹಾಗೆಯೇ 22 ಅಂಟಿಕೊಂಡಿದ್ದರೆ ಉಪ್ಪಿನ ಮೇಲೆ ಸಂಶಯ ಪಡಬೇಕು. ಆಲ್ಫಾದಲ್ಲಿ ಮಾತ್ರ ಇದ್ದರೆ ಬದಲಾದ ಹೂವನ್ನು ಹುಡುಕಬೇಕು. ಹುಡುಕಲು ದಂಡೆಯನ್ನು ಬಿಡಿಸಿ ನೋಡುವುದು ಅನಿವಾರ್ಯ.

ಬುಟ್ಟಿಯ ಹೂಗಳಿಗೆ ತಿಳಿಯದ ಸಂಗತಿಯೊಂದನ್ನು ಈಗ ಹತ್ತಿರದಿಂದ ನೋಡೋಣ. ವೆಸ್ಟ್ ಇಂಡೀಸಿನ ಫ್ರೆಂಚ್ ದ್ವೀಪಗಳ ಕಡೆಯ ಜನರಲ್ಲಿ ಕಂಡು 1986ರಲ್ಲಿ ವರ್ಣಿಸಲ್ಪಟ್ಟ ಎಸ್-ಆಂಟಿಲ್ಸ್ ಎಂಬ ಹಿಮೋಗ್ಲೋಬಿನ್ನಿನಲ್ಲಿ ಆರನೆಯ ಹೂವಿನ ಬದಲಾವಣೆಯ ಜೊತೆಗೆ, ಅದೇ ಬೀಟಾ ಸರಪಳಿಯ 23ನೆಯ ಹೂವಾದ ವ್ಯಾಲೀನು ಐಸೋಲ್ಯೂಸೀನಾಗಿರುತ್ತದೆ; ಈ ಎರಡನೆಯದರಿಂದ 14 ಹೆಚ್ಚುತ್ತದೆ. ಸಾಮಾನ್ಯ ಎಸ್ ದೋಷವು ತಾಯಿತಂದೆಯರಲ್ಲಿ ಒಬ್ಬರಿಂದ ಮಾತ್ರ ಬಂದರೆ ಮನುಷ್ಯನು ಬಹುಮಟ್ಟಿಗೆ ಆರೋಗ್ಯದಿಂದಿರುತ್ತಾನೆ. ಎಸ್-ಆಂಟಿಲ್ಸ್ ಆದರೆ ಒಬ್ಬರಿಂದ ಬಂದರೂ ರೋಗವು ಕಾಣಿಸಿಕೊಳ್ಳುತ್ತದೆ. ಟ್ರಿಪ್ಸಿನ್ ಹಾಕಿ ಕತ್ತರಿಸಿದರೆ ಆರನೆಯ ಹೂವು ಒಂದು ತುಂಡಿನಲ್ಲಿ, 23ನೆಯದು ಬೇರೊಂದು ತುಂಡಿನಲ್ಲಿ ಹೋಗಿಬಿಡುತ್ತವೆ. ಬುಟ್ಟಿಯಲ್ಲಿ ಎರಡೂ ಬದಲಾದ ತುಂಡುಗಳು ಸಿಕ್ಕವು ಸರಿ, ಎರಡು ನೆಟ್ಟಗಿನ ತುಂಡುಗಳೂ ಸಿಕ್ಕವು. ಆದರೆ ಬದಲಾದವೆರಡೂ ಒಂದೇ ದಂಡೆಯವೋ, ತಂದೆಯ ದಂಡೆಯಿಂದೊಂದು ತಾಯಿಯ ದಂಡೆಯಿಂದೊಂದೋ? ಬುಟ್ಟಿಯು ಮೌನ. ಇಡೀ ದಂಡೆಗಳನ್ನು ತೂಗಿದರೆ ಉತ್ತರವು ಒಂದೇ ನೋಟಕ್ಕೆ ದೊರೆಯುತ್ತದೆ: ಬೇರೆ ಬೇರೆ ದಂಡೆಗಳಲ್ಲಿದ್ದರೆ ಶಿಖರಗಳು 15,837 ಮತ್ತು 15,881ರಲ್ಲಿ; ಒಂದರಲ್ಲಿಯೇ ಇದ್ದರೆ 15,867 ಮತ್ತು 15,851ರಲ್ಲಿ. ಮುಟ್ಟಳ್ಳಿಯ ದೊಡ್ಡಮ್ಮನ ಮಾತಿಗೆ ಇದಕ್ಕಿಂತ ಒಳ್ಳೆಯ ಭಾಷ್ಯವನ್ನು ನಾನು ಕಾಣೆ.

ಬರೀ ತೂಕಕ್ಕೂ ಮಿತಿಯುಂಟೆಂಬುದನ್ನು ಮರೆಮಾಚಬಾರದು. ಬಂಗಾಳ, ಅಸ್ಸಾಮುಗಳ ಕಡೆ ಹೆಚ್ಚಾಗಿರುವ ಹಿಮೋಗ್ಲೋಬಿನ್ ಇ, ಪಂಜಾಬಿನ ಹೆಸರನ್ನೇ ಹೊತ್ತ ಡಿ ಇವೆರಡರಲ್ಲಿಯೂ ಬೀಟಾ ಸರಪಳಿಯ ತೂಕವು ಬದಲಾಗುವುದು ಬರೀ ಒಂದು ಡಾಲ್ಟನ್ನಿನಷ್ಟು. ಏಳುನೂರಕ್ಕೂ ಮಿಕ್ಕಿದ ಇಂಗಾಲದ ಪರಮಾಣುಗಳಿರುವ ಅಣುವಿನಲ್ಲಿ, ನೂರಕ್ಕೊಂದರಂತೆ ಒಂದು ತೂಕ ಹೆಚ್ಚಿರುವ ಇಂಗಾಲವು ನಿಸರ್ಗದಲ್ಲಿಯೇ ಬೆರೆತಿರುವುದರಿಂದ, ಪ್ರತಿಯೊಂದು ಶಿಖರವೂ ಮೊನಚಾಗಿರದೆ ಗುಡ್ಡದಂತೆ ಹರಡಿಕೊಂಡಿರುತ್ತದೆ. ಒಂದರ ಅಂತರದಲ್ಲಿರುವ ಎರಡು ಗುಡ್ಡಗಳು ಒಂದರೊಳಗೊಂದು ಕರಗಿ ಒಂದೇ ಆಗಿ ಕಾಣುತ್ತವೆ. ಇಂತಹ ಕಡೆ ದಂಡೆಯನ್ನು ಯಂತ್ರದೊಳಗೇ ಕತ್ತರಿಸುವ ವಿದ್ಯೆ ಬೇಕಾಗುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಫ್ರೆಡ್ ಮೆಕ್‌ಲಾಫರ್ಟಿಯವರೂ ಅವರ ಶಿಷ್ಯರೂ ತೊಂಬತ್ತರ ದಶಕದಲ್ಲಿ ಬೆಳೆಸಿದ ಈ ಕ್ರಮಕ್ಕೆ ಮೇಲಿನಿಂದ ಕೆಳಗಿಳಿಯುವ ಕ್ರಮವೆಂಬ ಅರ್ಥದ ಹೆಸರಿದೆ. ಮೊದಲು ಇಡಿಯಾಗಿ ತೂಗಿ, ಬೇಕಾದ ತೂಕದ ದಂಡೆಯೊಂದನ್ನೇ ಹಿಡಿದಿಟ್ಟು, ಬೇರೆಯವನ್ನೆಲ್ಲ ಹೊರಗಟ್ಟಿ, ಆಮೇಲೆ ಅದನ್ನು ಮುರಿಯುವುದು. ಮುರಿದ ತುಂಡುಗಳ ತೂಕದಿಂದ ಹೂಗಳ ಕ್ರಮವನ್ನು ಓದುವುದು. ತುಂಡು ಯಾವ ದಂಡೆಯದೆಂಬ ಸಂಶಯಕ್ಕೆ ಇಲ್ಲಿ ಎಡೆಯಿಲ್ಲ. 1998ರಲ್ಲಿ ಅದೇ ಪ್ರಯೋಗಶಾಲೆಯಿಂದ ಹೊರಟ ಇನ್ನೊಂದು ಉಪಾಯವಂತೂ ಸೊಗಸಾದುದು: ದಂಡೆಗೆ ಒಂದು ಎಲೆಕ್ಟ್ರಾನನ್ನು ಉಣಿಸಿದರೆ ನಾರು ಮಾತ್ರ ಫಕ್ಕನೆ ತುಂಡಾಗುತ್ತದೆ, ಹೂಗಳಿಗಂಟಿದ ಬೊಟ್ಟುಗಳು ಉದುರುವುದಿಲ್ಲ.

ದಂಡೆಯು ಉದ್ದವಾದಂತೆಲ್ಲ ಈ ಕೆಲಸವು ಕಷ್ಟವಾಗುತ್ತದೆ. ಪ್ರತಿಕಾಯದಂತಹ ಸುಮಾರು 1,50,000 ಡಾಲ್ಟನ್ನಿನ ಮಹಾಕಾಯವನ್ನು ತೂಗುವುದು ಸಾಧ್ಯವಾದರೂ ಅದರೊಳಗಿನ ಕ್ರಮವನ್ನೆಲ್ಲ ಓದುವುದು ಇನ್ನೂ ಪ್ರಯಾಸದ ಮಾತು. ಬೆಂಗಳೂರಿನ ಬಯೋಕಾನಿನಂತಹ ಕಂಪನಿಗಳು ಇನ್ಸುಲಿನನ್ನೂ ಪ್ರತಿಕಾಯಗಳನ್ನೂ ಔಷಧವಾಗಿ ತಯಾರಿಸುತ್ತಿರುವ ಈ ಕಾಲದಲ್ಲಿ, ಇಂತಹ ಔಷಧಗಳ ಇಡೀ ತೂಕವನ್ನು ನೋಡುವುದು ಅವುಗಳ ಗುರುತಿನ ಪರೀಕ್ಷೆಗಳಲ್ಲೊಂದು. ಮಾನವ ಇನ್ಸುಲಿನ್ನಿಗಾದರೆ 5,808 ಎಂಬ ಸಂಖ್ಯೆಯು ಮುದ್ರೆಯಿದ್ದಂತೆ.

ಕಡೆಯದಾಗಿ, ಪ್ರತಿ ಮನೆಗೂ ಸಂಬಂಧಿಸಿದ ಒಂದು ವಿಷಯ. ನಮ್ಮ ಕರಾವಳಿಯಲ್ಲಿಯೂ ಸಕ್ಕರೆ ಕಾಯಿಲೆಯವರಿಗೆ ಕೊರತೆಯಿಲ್ಲ. ಮೂರು ತಿಂಗಳ ಸರಾಸರಿಯೆಂದು ಜನರು ಕರೆಯುವ ಎಚ್‌ಬಿಎ1ಸಿ ಪರೀಕ್ಷೆಯ ಪರಿಚಯವಿಲ್ಲದವರೂ ಈಗ ವಿರಳ. 1968ರಲ್ಲಿ ಇರಾನಿನ ಸಾಮ್ಯುಯೆಲ್ ರಹಬರ್ ಎಂಬ ವೈದ್ಯನು ಹಿಮೋಗ್ಲೋಬಿನ್ನಿನ ರೂಪಭೇದಗಳನ್ನು ಹುಡುಕುತ್ತಿರುವಾಗ ಮಧುಮೇಹಿಗಳ ರಕ್ತದಲ್ಲಿ ಮಾತ್ರ ಹೆಚ್ಚಾಗಿ ಕಂಡ ಅಪರಿಚಿತ ಗೆರೆಯೊಂದು ಈ ಪರೀಕ್ಷೆಯ ಮೂಲ. ರಕ್ತದಲ್ಲಿ ಸಕ್ಕರೆ ಹೆಚ್ಚಿದಂತೆ ಅದು ಬೀಟಾ ಸರಪಳಿಯ ಮೊದಲನೆಯ ಹೂವಿಗೆ ತಾನಾಗಿಯೇ ಅಂಟುತ್ತದೆ. ಕೆಂಪುಕಣವು ಬದುಕುವ 120 ದಿನಗಳವರೆಗೂ ಬಿಡದೆ ಉಳಿಯುತ್ತದೆ. ಇಡೀ ಸರಪಳಿಯನ್ನು ತೂಗಿದರೆ 15,867ರ ಮುಂದೆ 162ರ ಅಂತರದಲ್ಲಿ, ಅಂದರೆ 16,029ರಲ್ಲಿ, ಸಕ್ಕರೆ ಹೊತ್ತ ಶಿಖರವು ಕಾಣುತ್ತದೆ. ಜಗತ್ತಿನ ಪ್ರಯೋಗಶಾಲೆಗಳೆಲ್ಲ ತಮ್ಮ ಅಳತೆಯನ್ನು ಸರಿನೋಡಿಕೊಳ್ಳಲು ಆಧಾರವಾಗಿಟ್ಟುಕೊಂಡ ಕ್ರಮವು ಮಾತ್ರ ದಂಡೆಯ ತುದಿಯ ಆರು ಹೂಗಳನ್ನಷ್ಟೇ ಕತ್ತರಿಸಿ ನೋಡುವಂತಹದು; ಅಲ್ಲಿ ಬೇಕಾದುದು ಒಂದೇ ಹೂವಿನ ಲೆಕ್ಕವಾದುದರಿಂದ ಅದು ಯುಕ್ತವೇ.

ತೊಡಕು ಹುಟ್ಟುವುದು ಊರಿನ ಪ್ರಯೋಗಶಾಲೆಯಲ್ಲಿ. ಅಲ್ಲಿಯ ಯಂತ್ರಗಳು ತೂಗುವುದಿಲ್ಲ. ಹಿಮೋಗ್ಲೋಬಿನ್ನಿನ ರೂಪಗಳನ್ನು ಅವುಗಳ ವಿದ್ಯುತ್ ಸ್ವಭಾವದಿಂದಲೋ ಬೇರೆ ಉಪಾಯಗಳಿಂದಲೋ ಬೇರ್ಪಡಿಸಿ ಎಣಿಸುತ್ತವೆ. ರೋಗಿಯಲ್ಲಿ ಎಸ್, ಡಿ, ಇ, ಕ್ಯೂ ಮೊದಲಾದ ಭೇದವೊಂದು ಹುಟ್ಟಿನಿಂದಲೇ ಇದ್ದರೆ, ಕೆಲವು ಯಂತ್ರಗಳ ಲೆಕ್ಕವು ತಪ್ಪಿ ಸಕ್ಕರೆಯ ಅಂಕಿಯು ಇರುವುದಕ್ಕಿಂತ ಹೆಚ್ಚಾಗಿಯೋ ಕಡಿಮೆಯಾಗಿಯೋ ಬರಬಹುದು. ಕುಡುಗೋಲು ಕಣ ರೋಗವೇ ಇರುವವರಲ್ಲಿಯಂತೂ ಕೆಂಪುಕಣಗಳು ಅಕಾಲದಲ್ಲಿ ಸಾಯುವುದರಿಂದ, ಯಾವ ಯಂತ್ರದಲ್ಲಿ ನೋಡಿದರೂ ಆ ಅಂಕಿಯನ್ನು ನಂಬುವಂತಿಲ್ಲ. ಬೆರಳು ಚುಚ್ಚಿ ನೋಡಿದಾಗ ಸಕ್ಕರೆ ಏರಿದ್ದು, ಮೂರು ತಿಂಗಳ ಅಂಕಿ ಮಾತ್ರ ಸಾಧುವಾಗಿ ಕಾಣುವ ಪ್ರಸಂಗಗಳಿಗೆ ಇದೂ ಒಂದು ಕಾರಣ. ಹೊನ್ನಾವರದಲ್ಲಿಯೋ ಕುಮಟೆಯಲ್ಲಿಯೋ ನಿಮ್ಮ ಕೈಗೆ ಬರುವ ಅಂತಹ ವರದಿಯ ಅಂಚಿನಲ್ಲಿ ಹಿಮೋಗ್ಲೋಬಿನ್ನಿನ ರೂಪಭೇದವಿರಬಹುದೆಂಬ ಒಂದು ಸಾಲಿನ ಷರಾ ಇದ್ದರೆ, ಆ ಕಾಗದವನ್ನು ಮಡಚಿ ಎಸೆಯಬೇಡಿ. ವೈದ್ಯರಿಗೆ ತೋರಿಸಿ, ಮುಂದಿನ ಸಲ ಯಾವ ಕ್ರಮದಿಂದ ನೋಡಬೇಕೆಂದು ಕೇಳಿ, ಮನೆಯಲ್ಲಿ ಮದುವೆಯ ವಯಸ್ಸಿನ ಮಕ್ಕಳಿದ್ದರೆ ಅವರ ರಕ್ತವನ್ನೂ ಒಮ್ಮೆ ಪರೀಕ್ಷೆ ಮಾಡಿಸಿ.